ಬೆಲ್ಲ ಉಂಡ ಕೆನೆ

ನೂಲವಾಡದ ಸೀರೆ ಹರಿದರೂ ಬಣ್ಣ ಹೋಗುವುದಿಲ್ಲ ಎಂದು ಸುತ್ತಲ ಊರುಗಳಲ್ಲಿ ಮಾತಿತ್ತು. ಸುಳ್ಳೇನಲ್ಲ. ಆದರೆ ಆ ಬಣ್ಣವನ್ನು ನೂಲಿಗೆ ಕಚ್ಚಿಸುವ ಮದ್ದು ಮಾತ್ರ ನೂಲಿನಲ್ಲಿ ನಿಲ್ಲುತ್ತಿರಲಿಲ್ಲ. ಕೆಲಸ ಮುಗಿದೊಡನೆ ಅದು ತೊಳೆದ ನೀರಿನ ಜೊತೆ ಬಣ್ಣಗಾರರ ಓಣಿಯ ಗಟಾರಕ್ಕೆ ಇಳಿದು, ಊರಿನ ಬಚ್ಚಲು, ಪಾಯಿಖಾನೆಗಳ ನೀರನ್ನೆಲ್ಲ ಕೂಡಿಕೊಂಡು, ಊರಾಚೆಯ ಕೊಳಚೆನೀರು ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಅಲ್ಲಿಂದ ನೀಲವ್ವನ ಹೊಳೆಗೆ. ಬಣ್ಣಗಾರರು ಆ ಮದ್ದನ್ನು ಬಿಗಿಮದ್ದು ಎನ್ನುತ್ತಿದ್ದರು. ನೀರಿನಲ್ಲಿ ಕರಗಿದರೆ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಹೊಳೆ ಬತ್ತಿ ಮದ್ದು ದಟ್ಟವಾದರೆ ನಾಲಿಗೆಗೆ ತಾಗೀತು, ಇಲ್ಲದಿದ್ದರೆ ಮೂತ್ರಪಿಂಡಕ್ಕೆ ಮಾತ್ರ ತಿಳಿಯುತ್ತದೆ, ಅದೂ ತಡವಾಗಿ.

ಬಿಗಿಮದ್ದು ಬಳಕೆಗೆ ಬಂದ ಹೊಸತರಲ್ಲಿ ಹೊಳೆಯ ಕೆಳಗಿನ ಹಳ್ಳಿಗಳಲ್ಲಿ ಮೂವತ್ತೆರಡು ಜನ ಮೂತ್ರಪಿಂಡ ಕೆಟ್ಟು ಮಲಗಿದರು. ಹೋರಾಟ, ಕೋರ್ಟು, ಸಮಿತಿ ಎಲ್ಲ ಆಯಿತು. ಬಣ್ಣಗಾರರ ಹೊಟ್ಟೆಯ ಮೇಲೆ ಹೊಡೆಯಲು ಯಾರಿಗೂ ಮನಸ್ಸಿರಲಿಲ್ಲ. ನೀರಿನಿಂದ ಆ ಮದ್ದನ್ನು ಬೇರ್ಪಡಿಸಲು ಇದ್ದ ಯಾವ ಯಂತ್ರಕ್ಕೂ ಆಗಲಿಲ್ಲ. ಆಗ ಬಂದದ್ದು ಕೆನೆ.

ಹಾಲಿನ ಕೆನೆಯಲ್ಲ, ನೋಡಲು ಹಾಗೆ ಕಾಣುತ್ತದೆಂದು ಜನ ಇಟ್ಟ ಹೆಸರು. ಡಾಕ್ಟರ್ ಮಾಲತೇಶ ಎಂಬ ವಿಜ್ಞಾನಿ ನೂರಾರು ಬಗೆಯ ಸೂಕ್ಷ್ಮಜೀವಿಗಳನ್ನು ಒಟ್ಟಿಗೆ ಸಾಕಿ, ತೊಟ್ಟಿಯ ನೀರಿನ ಮೇಲೆ ಎರಡು ಬೆರಳು ದಪ್ಪ ಕಟ್ಟುವ ಜೀವಂತ ಪದರವೊಂದನ್ನು ಮಾಡಿದ್ದರು. ಗಾಳಿ ಊದುವ ಯಂತ್ರ ಬೇಡ, ಕರೆಂಟು ಬೇಡ. ಕೆಳಗೆ ಹರಿಯುವ ಹೊಲಸನ್ನೆಲ್ಲ ಅದು ತಿಂದು ತಿಳಿನೀರು ಮಾಡಿ ಕಳಿಸುತ್ತಿತ್ತು. ಅಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ಈ ಕೆನೆ ಕಲಿಯುತ್ತಿತ್ತು. ಹೊಸ ವಿಷವೊಂದು ಬಂದರೆ ಕೋಟಿಯಲ್ಲಿ ಒಂದು ಜೀವಿ ಅದನ್ನು ಮುರಿದು ತಿನ್ನುವ ಉಪಾಯ ಕಂಡುಕೊಳ್ಳುತ್ತಿತ್ತು. ಆ ಉಪಾಯ ಅಡಗಿರುವ ಚಿಕ್ಕದೊಂದು ವಂಶವಾಹಿ ಉಂಗುರವನ್ನು ಪಕ್ಕದ ಜೀವಿಗೆ ದಾಟಿಸುತ್ತಿತ್ತು. ಹೀಗೆ ಒಂದರಿಂದ ಒಂದಕ್ಕೆ ಹೋಗಿ ಇಡೀ ಪದರಕ್ಕೆ ಆ ವಿದ್ಯೆ ಬರುತ್ತಿತ್ತು. ನೂಲವಾಡದ ಕೆನೆ ಎಂಟು ತಿಂಗಳು ತಿಣುಕಿ ಬಿಗಿಮದ್ದನ್ನು ತಿನ್ನಲು ಕಲಿಯಿತು. ಆ ಎಂಟು ತಿಂಗಳೂ ಅದರ ಪಕ್ಕದಲ್ಲಿ ಕೂತು ದಿನಕ್ಕೆ ನಾಲ್ಕು ಸಲ ನೀರು ಪರೀಕ್ಷೆ ಮಾಡಿದವಳು ಘಟಕದ ಪ್ರಯೋಗಶಾಲೆಯ ಕಸ್ತೂರಿ ಬಡಿಗೇರ.

ಕಲಿತದ್ದನ್ನು ಕೆನೆ ಮರೆಯಲೂ ಬಹುದು ಎಂದು ಮಾಲತೇಶರು ಆಗಲೇ ಎಚ್ಚರಿಸಿದ್ದರು. ಪ್ರಯೋಗಶಾಲೆಯ ಹಿಂದೆ ಬಚ್ಚಲಿನಷ್ಟು ದೊಡ್ಡದೊಂದು ಸಿಮೆಂಟಿನ ತೊಟ್ಟಿ ಕಟ್ಟಿಸಿ, ಅದರಲ್ಲಿ ಅದೇ ಕೆನೆಯ ಒಂದಿಷ್ಟನ್ನು ಬೇರೆಯಾಗಿ ಇಟ್ಟಿದ್ದರು. ದೊಡ್ಡ ತೊಟ್ಟಿಯ ಕೆನೆ ಎಂದಾದರೂ ಸತ್ತರೆ ಇಲ್ಲಿಂದ ತೆಗೆದು ಬಿತ್ತಬೇಕು. ಅದಕ್ಕೆ ತಾಯಿತೊಟ್ಟಿ ಎಂದು ಹೆಸರಾಯಿತು.

“ಈ ವಿದ್ಯಾ ಅನ್ನೂದು ಅವಕ್ಕ ತಲಿಮ್ಯಾಲಿನ ಹೊರಿ ಇದ್ದಂಗ್ರಿ ಕಸ್ತೂರಿಯವರ,” ಎಂದಿದ್ದರು ಮಾಲತೇಶರು. “ಕೆಲಸ ಇದ್ರ ಹೊರ್ತಾವ, ಇಲ್ಲಂದ್ರ ಒಗದು ಹಗುರಾಗ್ತಾವ. ಅದಕ್ಕ ದಿನಾ ತಾಯಿತೊಟ್ಟಿಗೆ ಒಂದು ಬಕೀಟು ಗಟಾರದ ನೀರು, ಮ್ಯಾಲ ಒಂದು ಚರಿಗಿ ಬಣ್ಣಗಾರರ ಓಣಿ ನೀರು ಹಾಕೂದು ತಪ್ಪಬಾರದು. ಪ್ರೀತಿ ಗೀತಿ ಮಾಡಾಕ ಹೋಗಬ್ಯಾಡ್ರಿ. ಕೆಲಸ ಕೊಡ್ರಿ, ಸಾಕು.”

ಕಸ್ತೂರಿ ನಕ್ಕು ತಲೆಯಾಡಿಸಿದ್ದಳು. ಹೊಲಸನ್ನು ಯಾರು ಪ್ರೀತಿ ಮಾಡುತ್ತಾರೆ?

ನೂಲವಾಡದಿಂದ ಹೊಳೆ ಗುಂಟ ಹನ್ನೆರಡು ತಾಸಿನ ಹರಿವಿನ ದೂರದಲ್ಲಿ ಕಡವಿನಹಾಳ ಎಂಬ ಹಳ್ಳಿ. ಕಸ್ತೂರಿಯ ತಂಗಿ ಇಂದ್ರವ್ವನನ್ನು ಕೊಟ್ಟದ್ದು ಅಲ್ಲಿಗೆ. ಅವಳ ಗಂಡ ಮಾನಪ್ಪ ಊರಿನ ನೀರಗಂಟಿ. ಹೊಳೆದಂಡೆಯ ಬಾವಿಯಿಂದ ನೀರೆತ್ತಿ ನಾಲ್ಕುನೂರು ಮನೆಗೆ ಬಿಡುವುದು ಅವನ ಕೆಲಸ. ಮೂವತ್ತೆರಡು ಜನ ಮಲಗಿದ ವರ್ಷದಿಂದ ಆ ಊರಿನಲ್ಲಿ ಒಂದು ಕಟ್ಟುಪಾಡು ಬಂದಿತ್ತು. ಬೆಳಗ್ಗೆ ವಾಲ್ ತಿರುಗಿಸುವ ಮೊದಲು ನೀರಗಂಟಿ ಅದೇ ನೀರನ್ನು ಒಂದು ತಂಬಿಗೆ ತಾನು ಕುಡಿಯಬೇಕು. ಅದನ್ನು ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿ ನೋಡಬೇಕು. ಒಂದು ತಂಬಿಗೆಯಿಂದ ಏನು ತಿಳಿಯುತ್ತದೆ ಎಂದು ಕೇಳಿದರೆ ವಿಜ್ಞಾನಕ್ಕೆ ಉತ್ತರವಿಲ್ಲ. ಊರಿಗೆ ಮಾತ್ರ ಅದರಿಂದ ಧೈರ್ಯ ಬರುತ್ತಿತ್ತು.

ಪಂಚಾಯ್ತಿ ಗೋಡೆಯ ಮೇಲೆ ಘಟಕದ ಅಂಕಿಗಳನ್ನು ತೋರಿಸುವ ಹಲಗೆ ಇತ್ತು. ಆರು ತಾಸಿಗೊಮ್ಮೆ ಅಂಕಿ ಬದಲಾಗುತ್ತಿದ್ದವು. ಮಾನಪ್ಪ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ದಿನಾ ಸಂಜೆ ಐದು ಗಂಟೆಗೆ ಘಟಕಕ್ಕೆ ಫೋನು ಮಾಡುತ್ತಿದ್ದ.

“ಅಕ್ಕಾರ, ಇವತ್ತ ನೀರು ಹ್ಯಾಂಗೈತ್ರಿ?”

“ಚಲೋ ಐತ್ರಿ ಮಾನಪ್ಪಾರ.”

“ಹಂಗಾರ ಆತು.”

ಇಷ್ಟೇ ಮಾತು. ಹನ್ನೊಂದು ವರ್ಷದಲ್ಲಿ ಆರು ಸಲವೋ ಏಳು ಸಲವೋ ಕಸ್ತೂರಿ, “ಇವತ್ತ ಬ್ಯಾಡ್ರಿ, ನಾಳೆ ನೋಡೋಣು,” ಎಂದಿದ್ದಳು. ಆ ದಿನ ಮಾನಪ್ಪ ವಾಲ್ ಮುಟ್ಟಿರಲಿಲ್ಲ. ಊರಿನವರು ಬೈದರೂ ಮುಟ್ಟಿರಲಿಲ್ಲ.

* * *

ಕಸ್ತೂರಿಯ ಮನೆಯಲ್ಲಿ ಅತ್ತೆ ಕಾಳವ್ವನ ಮೊಸರಿನ ಗಡಿಗೆಗೆ ದೇವರಿಗಿಂತ ಒಂದು ಕೈ ಹೆಚ್ಚು ಮರ್ಯಾದೆ. ಐವತ್ತು ವರ್ಷದ ಹಿಂದೆ ತವರಿನಿಂದ ಸೆರಗಿನಲ್ಲಿ ಮುಚ್ಚಿಕೊಂಡು ತಂದ ಹೆಪ್ಪು ಅದು. ನಿನ್ನೆಯ ಮೊಸರೇ ಇವತ್ತಿಗೆ ಹೆಪ್ಪು, ಇವತ್ತಿನದು ನಾಳೆಗೆ. ಹೀಗೆ ಒಂದು ದಿನವೂ ತಪ್ಪದೆ ಬಂದಿತ್ತು. ಓಣಿಯವರು ಹೆಪ್ಪು ಕೇಳಿಕೊಂಡು ಬಂದರೆ ಹಗಲಿನಲ್ಲಿ ಇಲ್ಲ ಎನ್ನುತ್ತಿರಲಿಲ್ಲ, ದೀಪ ಹಚ್ಚಿದ ಮೇಲೆ ಯಾರಿಗೂ ಕೊಡುತ್ತಿರಲಿಲ್ಲ. ಚಳಿಗಾಲದಲ್ಲಿ ಹೆಪ್ಪು ಸೊರಗಿದರೆ ಕಾಳವ್ವ ಎರಡು ಹರಳು ಬೆಲ್ಲ ಹಾಕಿ, ಗಡಿಗೆಗೆ ಹಳೆಯ ಕಂಬಳಿ ಸುತ್ತಿ ಒಲೆಯ ಬದಿಗಿಡುತ್ತಿದ್ದಳು.

“ಹೆಪ್ಪು ಅಂದ್ರ ಕೂಸಿದ್ದಂಗವಾ,” ಎನ್ನುವಳು. “ಬೆಚ್ಚಗಿಡಬೇಕು, ಸಿಹಿ ಕೊಡಬೇಕು. ಹುಳಿ ತಾಗಸಬಾರದು.”

ಮೂರು ವರ್ಷದ ಹಿಂದೆ ಒಂದು ಚಳಿಗಾಲ ತಾಯಿತೊಟ್ಟಿಯ ಕೆನೆಯೂ ಸೊರಗಿತು. ಅಂಚಿನಲ್ಲಿ ಹಳದಿಗಟ್ಟಿ, ನಡುವೆ ತೂತು ಬಿದ್ದು, ಹರಿದ ದುಪ್ಪಟಿಯ ಹಾಗಾಯಿತು. ದಿನಾ ಒಂದು ಚರಿಗೆ ವಿಷ ಕುಡಿಯುವ ಜೀವ ಇನ್ನು ಹೇಗಿದ್ದೀತು ಎಂದು ಕಸ್ತೂರಿಗೆ ಕರುಳು ಚುರುಕ್ ಎಂದಿತು. ಮಕ್ಕಳಿಲ್ಲದ ಹೆಂಗಸು ಎಂದು ಯಾರಾದರೂ ಅದಕ್ಕೆ ಕಾರಣ ಹುಡುಕಿಯಾರು. ಹಾಗೇನಿಲ್ಲ, ಅವಳಿಗೆ ಎದೆಯುದ್ದ ಬೆಳೆದ ಇಬ್ಬರು ಹೆಣ್ಣುಮಕ್ಕಳಿದ್ದರು. ಕಣ್ಣೆದುರು ಸೊರಗುವುದನ್ನು ನೋಡಿಕೊಂಡು ಸುಮ್ಮನಿರುವ ಸ್ವಭಾವ ಅವಳದಲ್ಲ, ಅಷ್ಟೆ.

ಮರುದಿನ ಊಟದ ಡಬ್ಬಿಯ ಜೊತೆ ಒಂದು ಉಂಡೆ ಬೆಲ್ಲ ಕಟ್ಟಿಕೊಂಡು ಹೋದಳು. ಬೆಚ್ಚಗಿನ ನೀರಿನಲ್ಲಿ ಕರಗಿಸಿ ತೊಟ್ಟಿಗೆ ಹೊಯ್ದಳು. ಅದರ ಮರುದಿನ ಬೆಲ್ಲದ ಜೊತೆ ಅನ್ನದ ಗಂಜಿ. ಬಣ್ಣಗಾರರ ಓಣಿಯ ನೀರನ್ನು ಒಂದು ವಾರದ ಮಟ್ಟಿಗೆ ನಿಲ್ಲಿಸಿದಳು, ಜ್ವರ ಬಂದವರಿಗೆ ರೊಟ್ಟಿ ನಿಲ್ಲಿಸುವ ಹಾಗೆ. ಹತ್ತೇ ದಿನಕ್ಕೆ ತೂತುಗಳು ಮುಚ್ಚಿಕೊಂಡವು. ಹದಿನೈದನೆಯ ದಿನಕ್ಕೆ ಕೆನೆ ಬಿಳಿದಾಗಿ, ದಪ್ಪವಾಗಿ, ಮಿರುಗತೊಡಗಿತು. ನೋಡಲು ಬಂದ ಸಹಾಯಕ ಎಂಜಿನಿಯರ್ ಜಾಕೀರ್ ನದಾಫ್, “ಮೇಡಂ, ಇದಕ್ಕ ದೃಷ್ಟಿ ತಗೀಬೇಕಾಗೇತಿ!” ಎಂದ. ಬೇರೆ ಊರಿನ ಘಟಕಗಳವರು ಬಂದು ಫೋಟೋ ಹಿಡಿದುಕೊಂಡು ಹೋದರು.

ಒಂದು ವಾರದ ಮಟ್ಟಿಗೆ ಎಂದದ್ದು ಒಂದು ತಿಂಗಳಾಯಿತು. ಆಮೇಲೆ ಅದೇ ಪದ್ಧತಿಯಾಯಿತು. ನಡುವೆ ಒಂದೆರಡು ಸಲ ಬಣ್ಣದ ನೀರು ಹಾಕಿ ನೋಡಿದಳು, ಕೆನೆಯ ಮುಖ ಬಾಡಿತು, ನಿಲ್ಲಿಸಿದಳು. ಬೆಲ್ಲ ಹಾಕಿದ ದಿನ ಅರಳುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಕಸ್ತೂರಿಗೆ ಆ ಕೆನೆ ಮುದ್ದಾಗಿಬಿಟ್ಟಿತು. ದಿನಚರಿ ಪುಸ್ತಕದಲ್ಲಿ ಮಾತ್ರ ದಿನಾ ಅದೇ ಸಾಲು ಬರೆಯುತ್ತಿದ್ದಳು: ‘ತಾಯಿತೊಟ್ಟಿಗೆ ನಿಯಮದಂತೆ ಉಣಿಸಲಾಗಿದೆ.’ ಸುಳ್ಳು ಬರೆಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ನಿಯಮಕ್ಕಿಂತ ಚೆನ್ನಾಗಿ ಉಣಿಸುತ್ತಿದ್ದೇನೆ ಎಂದೇ ತಿಳಿದಿದ್ದಳು.

“ನನಗಿಂತ ಆ ಹೊಲಸಿಗೇ ನಿನ್ನ ಕೈ ಧಾರಾಳ ಆಗೇತಿ ನೋಡು,” ಎಂದು ಅವಳ ಗಂಡ ಮೌನೇಶ ಬೆಲ್ಲದ ಡಬ್ಬಿ ಬಡಿದು ನಗುತ್ತಿದ್ದ.

“ಸಕ್ಕರಿ ಕಾಯಿಲೆ ಇರಲಿಲ್ಲಂದ್ರ ನಿಮಗೂ ಕೊಡ್ತಿದ್ದೆ ಬಿಡ್ರಿ,” ಎನ್ನುತ್ತಿದ್ದಳು ಕಸ್ತೂರಿ.

* * *

ಏಪ್ರಿಲ್ ಎರಡನೆಯ ವಾರ ಹೊಸ ಆಸ್ಪತ್ರೆಯ ಉದ್ಘಾಟನೆಗೆ ಸಚಿವರು ಬರುವವರಿದ್ದರು. ದೊಡ್ಡವರಿಗೆ ಮೂಗೂ ದೊಡ್ಡದಿರುತ್ತದೆ ಎಂದು ನಗರಸಭೆಯವರ ನಂಬಿಕೆ. ಅವರು ಹಾದುಹೋಗುವ ದಾರಿಯ ಗಟಾರ ನಾರಬಾರದೆಂದು ಹಿಂದಿನ ದಿನ ಊರಿನ ಎಲ್ಲ ಗಟಾರಗಳಿಗೂ ಚೀಲಗಟ್ಟಲೆ ಬ್ಲೀಚಿಂಗ್ ಪೌಡರು, ಪೀಪಾಯಿಗಟ್ಟಲೆ ಫಿನೈಲು ಸುರಿಸಿದರು. ಗಟಾರ ನಾರಲಿಲ್ಲ. ಸಚಿವರು ಹತ್ತೂವರೆಗೆ ಬಂದು ಹನ್ನೊಂದಕ್ಕೆ ಹೋದರು. ಆದರೆ ಆ ಗಟಾರದ ನೀರೆಲ್ಲ ಎಲ್ಲಿಗೆ ಹೋಗುತ್ತದೆಂದು ಯಾರೂ ಯೋಚಿಸಿರಲಿಲ್ಲ. ಅದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಬಂತು.

ಉದ್ಘಾಟನೆಯ ದಿನ ಬೆಳಗ್ಗೆ ಕಸ್ತೂರಿ ಘಟಕದ ಗೇಟು ದಾಟುವಾಗಲೇ ಈಜುಕೊಳದ ವಾಸನೆ ಬಂತು. ಓಡಿ ಹೋಗಿ ನೋಡಿದರೆ ದೊಡ್ಡ ತೊಟ್ಟಿಯ ಕೆನೆ ಬೂದಿ ಬಣ್ಣಕ್ಕೆ ತಿರುಗಿ, ತುಂಡು ತುಂಡಾಗಿ ಮುಳುಗುತ್ತಿತ್ತು. ಹನ್ನೊಂದು ವರ್ಷದ ಜೀವ. ಅವಳು ಕಟಾಂಜನ ಹಿಡಿದು ನಿಂತುಬಿಟ್ಟಳು. ನದಾಫ್ ಆಗಲೇ ಹೊಳೆಗೆ ನೀರು ಬಿಡುವ ಬಾಗಿಲು ಮುಚ್ಚಿಸಿ, ನೀರನ್ನು ಪಕ್ಕದ ತಡೆಹೊಂಡಕ್ಕೆ ತಿರುಗಿಸಿದ್ದ.

“ನಾಳೆ ಮುಂಜಾನಿ ತನಕ ಹೊಂಡ ತಡೀತೈತಿ ಮೇಡಂ,” ಎಂದ. “ಅಷ್ಟರಾಗ ಏನರ ಮಾಡಬೇಕು.”

ಏನು ಮಾಡಬೇಕೆಂದು ಕಸ್ತೂರಿಗೆ ಗೊತ್ತಿತ್ತು. ತೊಟ್ಟಿಯ ಕೆಟ್ಟ ನೀರು ಹೊರಗೆ ಹಾಕಿಸಿ, ತಾಯಿತೊಟ್ಟಿಯ ಕೆನೆಯನ್ನು ಅಗಲವಾದ ಜಾಳಿಗೆಯಲ್ಲಿ ಎತ್ತಿ ಎತ್ತಿ ದೊಡ್ಡ ತೊಟ್ಟಿಗೆ ಬಿತ್ತಿಸಿದಳು. ಮನಸ್ಸು ಗಟ್ಟಿಯಿತ್ತು. ಇಂಥ ದಿನಕ್ಕೆಂದೇ ಅಲ್ಲವೇ ಮೂರು ವರ್ಷ ಸಾಕಿದ್ದು! ಉಂಡು ತಿಂದು ಬೆಳೆದ ಕೆನೆ ನೀರು ಮುಟ್ಟಿದ್ದೇ ತಡ, ಹಬ್ಬತೊಡಗಿತು. ಮಧ್ಯಾಹ್ನ ಎರಡಕ್ಕೆ ಅರ್ಧ ತೊಟ್ಟಿ ಮುಚ್ಚಿತ್ತು. ಎರಡೂವರೆಗೆ ತೊಟ್ಟಿಯಾಚೆ ಬಂದ ನೀರು ಕನ್ನಡಿಯಂತೆ ತಿಳಿಯಾಗಿತ್ತು. ವಾಸನೆಯಿಲ್ಲ, ನೊರೆಯಿಲ್ಲ. ಪರೀಕ್ಷೆ ಮಾಡಿದ ಒಂದೊಂದು ಅಂಕಿಯೂ ಸರಿಯಿತ್ತು.

ಒಂದು ಪರೀಕ್ಷೆ ಮಾತ್ರ ಉಳಿದಿತ್ತು. ಬಿಗಿಮದ್ದಿನದು. ಗಾಜಿನ ನಳಿಗೆಯಲ್ಲಿ ನೀರಿಗೆ ರಾಸಾಯನಿಕ ಬೆರೆಸಿ ಹದಿನೈದು ತಾಸು ಇಡಬೇಕು. ತಿಳಿಯಾಗಿಯೇ ಉಳಿದರೆ ಮದ್ದಿಲ್ಲ. ಕುಂಕುಮದ ಬಣ್ಣಕ್ಕೆ ತಿರುಗಿದರೆ ಇದೆ. ಕಸ್ತೂರಿ ಎರಡು ಮುಕ್ಕಾಲಿಗೆ ನಳಿಗೆ ಇಟ್ಟಳು. ಹೊಸದಾಗಿ ಕೆನೆ ಬಿತ್ತಿದಾಗ ಈ ಫಲಿತಾಂಶ ಬರುವ ತನಕ ಒಂದು ಹನಿಯೂ ಹೊಳೆಗೆ ಹೋಗಬಾರದು ಎಂಬುದು ನಿಯಮ. ಅವಳಿಗೆ ಗೊತ್ತಿರದ ನಿಯಮವೇನಲ್ಲ. ಅದನ್ನು ಬರೆದವರಲ್ಲಿ ಅವಳೂ ಒಬ್ಬಳು.

ಆದರೆ ಬೇಸಿಗೆಯಲ್ಲಿ ನೀಲವ್ವನ ಹೊಳೆ ಎಂದರೆ ಘಟಕ ಬಿಟ್ಟ ನೀರೇ, ಬೇರೆ ನೀರಿಲ್ಲ. ಬಾಗಿಲು ಮುಚ್ಚಿದರೆ ಕಡವಿನಹಾಳದ ಬಾವಿ ಒಣಗುತ್ತದೆ. ಹಿಂದಿನ ದಿನವಷ್ಟೇ ಇಂದ್ರವ್ವ ಫೋನಿನಲ್ಲಿ, “ಯಕ್ಕಾ, ಮೂರು ದಿನಕ್ಕೊಮ್ಮೆ ನೀರು ಬರಾಕತ್ತಾವ, ಹೆಂಗಸ್ರು ಕೊಡ ಹಿಡಕೊಂಡು ನಿಮ್ಮ ಮಾವಾರ ಮ್ಯಾಲ ಏರಿ ಬರ್ತಾರ,” ಎಂದಿದ್ದಳು. ಮಾನಪ್ಪನನ್ನು ಅವಳು ಅಕ್ಕನೆದುರು ಹಾಗೆ ಚೇಷ್ಟೆಗೆ ‘ನಿಮ್ಮ ಮಾವಾರು’ ಎನ್ನುತ್ತಿದ್ದಳು.

ಕಸ್ತೂರಿ ನೀರನ್ನು ನೋಡಿದಳು. ಬೆಳ್ಳಗೆ ಮಿರುಗುವ ಕೆನೆಯನ್ನು ನೋಡಿದಳು.

“ಬಾಗಲಾ ತಗೀರಿ ನದಾಫ್.”

“ಮೇಡಂ, ಬಿಗಿಮದ್ದಿಂದು ಇನ್ನೂ ಬರಬೇಕಲ್ರಿ.”

“ಹನ್ನೊಂದು ವರ್ಷ ತಿಂದೈತಿ, ಇವತ್ತ ತಿನ್ನೂದು ಬಿಡ್ತೈತೇನು? ನನ್ನ ಹೆಪ್ಪು ಕೈ ಬಿಡೂದಿಲ್ಲ. ಅಲ್ಲಿ ಜನಕ್ಕ ಕುಡ್ಯಾಕ ನೀರಿಲ್ಲ. ತಗೀರಿ.”

ನದಾಫ್ ವಯಸ್ಸಿನಲ್ಲಿ ಚಿಕ್ಕವನು, ಅಧಿಕಾರದಲ್ಲಿ ದೊಡ್ಡವನು. ಬೇಡ ಎನ್ನಬಹುದಿತ್ತು. ಆದರೆ ಆ ಘಟಕದಲ್ಲಿ ನೀರಿನ ವಿಷಯಕ್ಕೆ ಕಸ್ತೂರಿಯ ಮಾತಿಗೆ ಎದುರು ಮಾತಿರಲಿಲ್ಲ. ಮೂರು ಗಂಟೆಗೆ ಬಾಗಿಲು ತೆಗೆಯಿತು.

ಐದು ಗಂಟೆಗೆ ಫೋನು ಬಂತು.

“ಅಕ್ಕಾರ, ಬಾವ್ಯಾಗ ಮೊಳಕಾಲುದ್ದ ಅದಾವ್ರಿ ನೀರು. ಮ್ಯಾಲಿಂದ ಬಿಟ್ಟೀರೇನ್ರಿ?”

“ಬಿಟ್ಟೀವ್ರಿ. ರಾತ್ರಿ ಕಳದು ಮುಂಜಾನಿ ಅನ್ನೂದ್ರಾಗ ಮುಟ್ಟತಾವು.”

“ಹ್ಯಾಂಗೈತ್ರಿ?”

ಮೇಜಿನ ಮೇಲೆ ನಳಿಗೆ ಇತ್ತು. ಇನ್ನೂ ತಿಳಿಯಾಗಿಯೇ ಇತ್ತು. ಎರಡು ತಾಸಿಗೆ ಅದು ಹಾಗೆಯೇ ಇರಬೇಕು, ಮದ್ದು ಇರಲಿ ಇಲ್ಲದಿರಲಿ. ‘ಇನ್ನೂ ಒಂದು ಪರೀಕ್ಷೆ ಬಾಕಿ ಐತ್ರಿ’ ಎನ್ನಬೇಕೆಂದುಕೊಂಡಳು. ಹಾಗೆಂದರೆ ಅವನು ನಾಳೆ ವಾಲ್ ಮುಟ್ಟುವುದಿಲ್ಲ. ಕೊಡ ಹಿಡಿದ ಹೆಂಗಸರು ಬೈಯುತ್ತಾರೆ. ಅಲ್ಲದೆ ತನ್ನ ಕೆನೆಯ ಮೇಲೆ ತನಗೇ ಸಂಶಯವಿದೆ ಎಂದು ಹೇಳಿದ ಹಾಗಾಗುತ್ತದೆ. ನಿಜ ಹೇಳಬೇಕೆಂದರೆ ಈ ಕೊನೆಯದೇ ದೊಡ್ಡದಿತ್ತು.

“ಚಲೋ ಐತ್ರಿ ಮಾನಪ್ಪಾರ,” ಎಂದಳು.

“ಹಂಗಾರ ಆತು,” ಎಂದ ಅವನು.

ಅಂದು ಮನೆಯಲ್ಲಿ ಕಾಳವ್ವ ಬಿಸಿ ರೊಟ್ಟಿ, ಮೊಸರು ಬಡಿಸಿದಳು. ಇಡೀ ದಿನ ಉಣ್ಣದ ಕಸ್ತೂರಿಗೆ ಎರಡು ತುತ್ತು ಇಳಿಯಲಿಲ್ಲ. ಯಾಕವಾ ಎಂದು ಕೇಳಿದ ಅತ್ತೆಗೆ ದಣಿವು ಎಂದು ಹೇಳಿದಳು. ಅದು ದಣಿವಲ್ಲ ಎಂದು ಅವಳ ಹೊಟ್ಟೆಗೆ ಗೊತ್ತಿತ್ತು. ಹೊಟ್ಟೆಯ ಮಾತನ್ನು ಅವಳು ಕೇಳಲಿಲ್ಲ.

* * *

ಬೆಳಗ್ಗೆ ಏಳಕ್ಕೆ ಪ್ರಯೋಗಶಾಲೆಯ ಬಾಗಿಲು ತೆಗೆದಳು. ನಳಿಗೆ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ತಿಳಿ ಕುಂಕುಮವಲ್ಲ, ಹನ್ನೊಂದು ವರ್ಷದ ಹಿಂದೆ, ಕೆನೆ ಬರುವ ಮೊದಲು, ಎಷ್ಟು ಕೆಂಪಿರುತ್ತಿತ್ತೋ ಅಷ್ಟೇ ಕೆಂಪು. ಅಂದರೆ ಆ ಬಿಳಿ ಕೆನೆ ಹೊಲಸನ್ನೆಲ್ಲ ತಿಂದು, ಬಿಗಿಮದ್ದನ್ನು ಮುಟ್ಟದೆ, ಬಂದದ್ದು ಬಂದ ಹಾಗೆ ದಾಟಿಸಿತ್ತು.

ಬಾಗಿಲು ಮುಚ್ಚಿರಿ ಎಂದು ನದಾಫ್‌ಗೆ ಕೂಗಿ ಹೇಳಿ ಮಾನಪ್ಪನಿಗೆ ಫೋನು ಮಾಡಿದಳು. ಎತ್ತಿದ್ದು ಇಂದ್ರವ್ವ.

“ಇಂದ್ರಾ, ವಾಲ್ ತಗಸಬ್ಯಾಡ! ಮಾನಪ್ಪಾರಿಗೆ ಹೇಳು, ನೀರು ಬಿಡಬಾರದು!”

“ಬಿಟ್ಟಿಲ್ಲಕ್ಕ,” ಎಂದಳು ತಂಗಿ. ಧ್ವನಿ ಒಣಗಿತ್ತು. “ಐದೂವರಿಗೆ ಕುಡದ್ರಂತ, ರುಚಿ ಬ್ಯಾರೆ ಐತಿ ಅಂತ ವಾಲಿಗೆ ಕೀಲಿ ಹಾಕಿ ಬಂದ್ರು. ಊರಾಗ ಒಂದು ಮನಿಗೂ ನೀರು ಹೋಗಿಲ್ಲ. ಆದ್ರ ಇವ್ರು ಒಂದ ಸಮನ ವಾಂತಿ ಮಾಡ್ಕೊಳ್ಳಾಕತ್ಯಾರಕ್ಕ. ಗಾಡಿ ಕರಸೇವಿ.”

ಎರಡನೆಯ ದಿನಕ್ಕೆ ಮಾನಪ್ಪನಿಗೆ ಮೂತ್ರ ನಿಂತಿತು. ಹತ್ತನೆಯ ದಿನಕ್ಕೆ ವೈದ್ಯರು ಎರಡೂ ಮೂತ್ರಪಿಂಡ ಇನ್ನು ಕೆಲಸ ಮಾಡುವುದಿಲ್ಲ ಎಂದರು. ಜೀವ ಉಳಿಯಿತು. ರಕ್ತ ಸೋಸುವ ಅಂಗೈಯಗಲದ ಯಂತ್ರವೊಂದನ್ನು ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸಿದರು. ಅದನ್ನು ಬಿಚ್ಚುವ ಹಾಗಿಲ್ಲ. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವ ಹಾಗಿಲ್ಲ.

ವಿಚಾರಣೆ ನಡೆಯಿತು. ಕೆನೆ ಸತ್ತದ್ದು ಬ್ಲೀಚಿಂಗ್ ಪೌಡರಿನಿಂದ, ಆದ್ದರಿಂದ ಎಲ್ಲಕ್ಕೂ ಅದೇ ಕಾರಣ ಎಂದು ಸಮಿತಿ ಬರೆಯಿತು. ನಗರಸಭೆಯ ಆರೋಗ್ಯ ನಿರೀಕ್ಷಕನನ್ನು ವರ್ಗ ಮಾಡಿದರು. ಬಾಗಿಲು ಬೇಗ ತೆಗೆದದ್ದಕ್ಕೆ ನದಾಫ್‌ಗೆ ಒಂದು ನೋಟಿಸು ಬಂತು. ಅವನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ, ಯಾರು ತೆಗೆ ಎಂದರೆಂದು ಹೇಳಲಿಲ್ಲ. ಕಸ್ತೂರಿ ತಾನೇ ಹೋಗಿ, ತೆಗೆ ಎಂದವಳು ನಾನು ಎಂದು ಬರೆದುಕೊಟ್ಟಳು. ಅವಳಿಗೂ ಒಂದು ನೋಟಿಸು ಕೊಟ್ಟರು. ಅದೇ ವರದಿಯ ಇನ್ನೊಂದು ಪುಟದಲ್ಲಿ, ಸಮಯಕ್ಕೆ ತಾಯಿಕೆನೆ ಬಿತ್ತಿ ಘಟಕವನ್ನು ಉಳಿಸಿದ ಸಿಬ್ಬಂದಿ ಎಂದು ಹೊಗಳಿಯೂ ಇದ್ದರು. ಬೆಲ್ಲದ ಮಾತು ಎಲ್ಲಿಯೂ ಬರಲಿಲ್ಲ. ದಿನಚರಿ ಪುಸ್ತಕದಲ್ಲಿ ಎಲ್ಲವೂ ನಿಯಮದಂತೆಯೇ ಇತ್ತಲ್ಲ.

ಮಾಲತೇಶರು ಮಾತ್ರ ಪುಸ್ತಕ ನೋಡಲಿಲ್ಲ, ಕೆನೆ ನೋಡಿದರು. ನೆರೆತ ತಲೆ, ಕೈಯಲ್ಲಿ ಕೋಲು. ತಾಯಿತೊಟ್ಟಿಯಿಂದ ಒಂದು ಚೂರು ತೆಗೆದುಕೊಂಡು ಹೋಗಿ, ನಾಲ್ಕನೆಯ ದಿನ ತಾವೇ ಬಂದರು.

“ಆ ಉಂಗುರ ಇಲ್ರಿ ಇದರಾಗ,” ಎಂದರು. “ಒಂದು ಜೀವದಾಗೂ ಇಲ್ಲ. ಪೂರಾ ಒಗದ ಬಿಟ್ಟಾವ. ಏನು ಹಾಕ್ತಿದ್ರಿ?”

“ಬೆಲ್ಲ ರೀ ಸರ. ಗಂಜಿ.”

“ಎಷ್ಟು ದಿವಸದಿಂದ?”

“ಮೂರು ವರ್ಷ.”

ಮುದುಕರು ಕೋಲಿನ ತುದಿಯಿಂದ ಕೆನೆಯನ್ನು ಮೆಲ್ಲಗೆ ಸರಿಸಿ ನೋಡಿದರು. ಬೈಯಬಹುದಿತ್ತು, ಬೈದಿದ್ದರೆ ಕಸ್ತೂರಿಗೆ ಹಗುರಾಗುತ್ತಿತ್ತು.

“ಬೆಲ್ಲ ಸಿಗೂದಾದ್ರ ಬೇವು ಯಾರು ತಿಂತಾರ್ರಿ,” ಎಂದರು ಕೊನೆಗೆ. “ನಾವು ನೀವೂ ತಿನ್ನೂದಿಲ್ಲ. ಮತ್ತ ಮೊದಲಿಂದ ಕಲಿಸಬೇಕು. ದಿನಾ ಒಂದೊಂದು ಹನಿ ಹಾಕ್ಕೋತ ಹೋಗ್ರಿ. ಎಂಟು ತಿಂಗಳು ಹಿಡದೀತು.”

ಆ ಎಂಟು ತಿಂಗಳು ಬಣ್ಣಗಾರರ ಓಣಿಯ ಒಲೆಗಳು ಆರಿದವು. ಕಡವಿನಹಾಳಕ್ಕೆ ಟ್ಯಾಂಕರಿನಲ್ಲಿ ನೀರು ಹೋಯಿತು. ಕಸ್ತೂರಿ ದಿನಾ ತಾಯಿತೊಟ್ಟಿಯ ಪಕ್ಕ ಕೂತು ಹನಿ ಲೆಕ್ಕದಲ್ಲಿ ಮದ್ದು ಹಾಕಿದಳು. ಕೆನೆ ಹಳದಿಗಟ್ಟಿತು, ತೂತು ಬಿತ್ತು. ಅವಳು ಹಲ್ಲು ಕಚ್ಚಿ ನೋಡಿದಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಕಾಳವ್ವ ಯಾವುದೋ ಮಾತಿಗೆ ಯಾರಿಗೋ ಹೇಳಿದರೂ ಅವಳಿಗೆ ತನಗೇ ಹೇಳಿದಂತಾಗುತ್ತಿತ್ತು. ಮನೆಯಲ್ಲಿ ಬೆಲ್ಲದ ಡಬ್ಬಿ ಮುಟ್ಟುವುದನ್ನು ಬಿಟ್ಟಳು. ಎಂಟನೆಯ ತಿಂಗಳ ಕೊನೆಗೆ ಒಂದು ಬೆಳಗ್ಗೆ ನಳಿಗೆ ತಿಳಿಯಾಗಿಯೇ ಉಳಿಯಿತು. ನದಾಫ್ ಪೇಢೆ ಹಂಚಿದ. ಕಸ್ತೂರಿ ಅಂದೇ ಬಸ್ಸು ಹತ್ತಿ ಕಡವಿನಹಾಳಕ್ಕೆ ಹೋದಳು.

ಅಷ್ಟು ದಿನ ಅವಳು ಹೋಗಿರಲಿಲ್ಲ ಎಂದಲ್ಲ. ಆಸ್ಪತ್ರೆಗೆ ಹೋಗಿದ್ದಳು, ಹಣ್ಣು ಕೊಟ್ಟು ಬಂದಿದ್ದಳು, ತಂಗಿಯನ್ನು ಅಪ್ಪಿ ಅತ್ತಿದ್ದಳು. ಹೇಳಬೇಕಾದ್ದನ್ನು ಮಾತ್ರ ಹೇಳಿರಲಿಲ್ಲ. ಕಡವಿನಹಾಳದವರ ಪಾಲಿಗೆ ಮಾನಪ್ಪ ಊರು ಉಳಿಸಿದವನಾಗಿದ್ದ. ಪಂಚಾಯ್ತಿಯಲ್ಲಿ ಅವನ ಫೋಟೋ ಹಾಕಿದ್ದರು. ಕಸ್ತೂರಿ ಬಂದರೆ ಊರಿನವರು, ನಮ್ಮ ಮಾನಪ್ಪನ ಹೆಂಡತಿಯ ಅಕ್ಕ ಎಂದು ಕೈಮುಗಿಯುತ್ತಿದ್ದರು. ಆ ಕೈಮುಗಿತ ಅವಳನ್ನು ಸುಡುತ್ತಿತ್ತು.

ಮಾನಪ್ಪ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ಸೊಂಟದ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಪಕ್ಕದಲ್ಲಿ ಸ್ಟೀಲಿನ ಲೋಟದಲ್ಲಿ ಅರ್ಧ ನೀರು. ಸಂಜೆಯ ತನಕ ಅಷ್ಟೇ. ನಾಲ್ಕುನೂರು ಮನೆಗೆ ನೀರು ಬಿಟ್ಟವನು ಅದನ್ನು ತುಟಿ ಒದ್ದೆಯಾಗುವಷ್ಟೇ ಮುಟ್ಟಿ ಇಡುತ್ತಿದ್ದ.

ಕಸ್ತೂರಿ ಗಂಡ ಹೆಂಡತಿ ಇಬ್ಬರೆದುರೂ ಎಲ್ಲವನ್ನೂ ಹೇಳಿದಳು. ಬೆಲ್ಲ, ಗಂಜಿ, ಪುಸ್ತಕದ ಸಾಲು, ಮೇಜಿನ ಮೇಲಿದ್ದ ನಳಿಗೆ. ಫೋನಿನಲ್ಲಿ ಹೇಳದೆ ನುಂಗಿದ ಮಾತು. ಹೇಳಿ ಮುಗಿಸಿ, “ನನ್ನ ಸೊಕ್ಕು ನಿಮ್ಮನ್ನ ಹಿಂಗ ಮಾಡ್ತು,” ಎಂದಳು.

ಇಂದ್ರವ್ವ ಎದ್ದು ಒಳಗೆ ಹೋದಳು.

ಮಾನಪ್ಪ ಲೋಟವನ್ನು ಗೋಡೆಯ ಬದಿಗೆ ಸರಿಸಿಟ್ಟ. ಆಮೇಲೆ, “ನಾನೂ ಒಂದು ಮಾತು ಯಾರ ಮುಂದೂ ಹೇಳಿಲ್ರಿ,” ಎಂದ. “ಇಂದ್ರಾನ ಮುಂದೂ ಹೇಳಿಲ್ಲ.”

ಕಸ್ತೂರಿ ತಲೆಯೆತ್ತಿದಳು.

“ಮೊದಲನೇ ಗುಟಕಿಗೇ ಗೊತ್ತಾಗಿತ್ರಿ. ನಾಲಿಗಿ ಹಿಡದಂಗಾತು, ಒಗರು. ಉಗುಳಿ ವಾಲಿಗೆ ಕೀಲಿ ಹಾಕಬೇಕಿತ್ತು. ಒಂದು ಗುಟಕಿಂದ ಏನೂ ಆಗ್ತಿರಲಿಲ್ಲಂತ, ದವಾಖಾನ್ಯಾಗ ಡಾಕ್ಟರ ಅಂದ್ರು. ಆದ್ರ ಅಕ್ಕಾರು ಚಲೋ ಐತಿ ಅಂದಾರ, ಮತ್ತ ಹ್ಯಾಂಗ ಕೆಡ್ತೈತಿ ಅನಿಸ್ತು. ನನ್ನ ನಾಲಿಗೀದ ತಪ್ಪಿರಬೇಕು ಅಂತ ಬಾಯಿ ಮುಕ್ಕಳಿಸಿ ಆ ತಂಬಿಗಿ ಪೂರ್ತಿ ಕುಡದೆ. ಆಗೂ ಒಗರ ಇತ್ತು. ಮತ್ತೊಂದು ತುಂಬಕೊಂಡೆ. ಕಟ್ಟಿ ಮ್ಯಾಲಿನವರು ಇವತ್ತೇನೋ ಭಾಳ ನೀರಡಿಕಿ ಮಾನಪ್ಪಗ ಅಂತ ನಕ್ರು. ಅದನ್ನೂ ಪೂರ್ತಿ ಕುಡದ ಮ್ಯಾಲ ನನ್ನ ನಾಲಿಗೀನ ನಂಬಿದೆ.”

ಯಂತ್ರ ಗುಂಯ್‌ಗುಡುತ್ತಲೇ ಇತ್ತು. ಒಳಬಾಗಿಲಲ್ಲಿ ಇಂದ್ರವ್ವ ಬಂದು ನಿಂತಿದ್ದಳು.

“ನೀವು ಚಲೋ ಐತಿ ಅಂದಿದ್ರಲ್ರಿ ಅಕ್ಕಾರ,” ಎಂದ ಮಾನಪ್ಪ, ತಪ್ಪೆಲ್ಲ ತನ್ನದೇ ಎನ್ನುವ ಹಾಗೆ.